ಮಧುನಾಶಿನಿ: ನಾಲಗೆಯ ಸಾಕ್ಷ್ಯ, ಜೀವಕೋಶದ ಬಾಗಿಲು

ಜನಪದ ವೈದ್ಯದಲ್ಲಿ ಮೂಲಿಕೆಯ ಹೆಸರು ಅನೇಕ ವೇಳೆ ಅದರ ಗುಣವನ್ನೇ ಸಾರುತ್ತದೆ. ಮಧುನಾಶಿನಿ ಇದಕ್ಕೊಂದು ನಿದರ್ಶನ. ಸಣ್ಣಗೆರಸೆ ಹಂಬು ಎಂದೂ ಕರೆಯಲಾಗುವ ಈ ಬಳ್ಳಿಯ ಎಲೆಯನ್ನು ಅಗಿದವರಿಗೆ ಬೆಲ್ಲ ಸಪ್ಪೆಯಾಗುತ್ತದೆ, ಸಕ್ಕರೆ ಮರಳಿನಂತಾಗುತ್ತದೆ. ಸುಮಾರು ಅರ್ಧ ಗಂಟೆಯ ಬಳಿಕ ಸಿಹಿ ಮರಳಿ ಬರುತ್ತದೆ. ಪಶುಪಾಲಕರ ನೆನಪನ್ನು ಹೆಸರಿನಲ್ಲಿ ಹೊತ್ತು ಬೆಂಗಳೂರಿನ ಬಡಾವಣೆಯಾಗಿರುವ ಕುರುಬರಹಳ್ಳಿಯಂತಹ ಊರುಗಳ ಜನರಿಗೆ ಈ ಎಲೆ ಇಂದು ಗ್ರಂಧಿಗೆ ಅಂಗಡಿಯ ಪುಡಿಯಾಗಿ ದೊರೆಯುತ್ತದೆ. ನಾಲಗೆಯ ಸಿಹಿಯನ್ನು ಅಳಿಸುವುದು ರಕ್ತದ ಸಕ್ಕರೆಯನ್ನೂ ಅಳಿಸೀತು ಎಂಬ ತರ್ಕವೂ ಅದರೊಡನೆ ಬರುತ್ತದೆ. ಈ ತರ್ಕವನ್ನು ಪರಿಶೀಲಿಸುವುದು ಅಗತ್ಯ.

ರುಚಿಮೊಗ್ಗಿನ ಕೋಶಗಳಲ್ಲಿ ಸಿಹಿಯನ್ನು ಗುರುತಿಸುವ ಗ್ರಾಹಕಗಳಿವೆ. ಸಕ್ಕರೆ ಅವುಗಳಿಗೆ ತಗುಲಿದಾಗ ಕೋಶದೊಳಗೆ ಕ್ಯಾಲ್ಸಿಯಂ ಹೆಚ್ಚುತ್ತದೆ. ಟಿಆರ್‌ಪಿಎಂ5 ಎಂಬ ಅಯಾನು ನಾಳ ತೆರೆದು ಸೋಡಿಯಂ ಒಳಬರುತ್ತದೆ. ಸಂಕೇತ ಮಿದುಳಿನತ್ತ ಸಾಗುತ್ತದೆ. ಮಧುನಾಶಿನಿಯ ಜಿಮ್ನೆಮಿಕ್ ಆಮ್ಲಗಳು ಗ್ರಾಹಕವನ್ನೇ ತಡೆಯುವುದರಿಂದ ನಾಳಕ್ಕೆ ಕರೆ ತಲುಪುವುದಿಲ್ಲ. ಹೆಸರು ಕೊಟ್ಟವರ ಅನುಭವ ಇಲ್ಲಿಯವರೆಗೆ ನಿಜ.

ಮೇದೋಜೀರಕ ಗ್ರಂಥಿಯ ಬೀಟಾ ಕೋಶದಲ್ಲೂ ಟಿಆರ್‌ಪಿಎಂ5 ಇದೆ. ಅದಿಲ್ಲದ ಇಲಿಗಳಲ್ಲಿ ಇನ್ಸುಲಿನ್ ಸ್ರಾವ ಕುಂದುವುದನ್ನು 2010ರ ಅಧ್ಯಯನಗಳು ತೋರಿಸಿದವು. ಆದರೆ ಅಲ್ಲಿನ ಮುಖ್ಯ ಬಾಗಿಲು ಬೇರೆ. ಗ್ಲೂಕೋಸ್ ಕೋಶದೊಳಗೆ ಉರಿದು ಎಟಿಪಿ ಎಂಬ ಶಕ್ತಿದ್ರವ್ಯ ಹೆಚ್ಚಿದಾಗ ಪೊಟ್ಯಾಸಿಯಂ ನಾಳ ಮುಚ್ಚುತ್ತದೆ. ಅದರಿಂದ ಕ್ಯಾಲ್ಸಿಯಂ ನಾಳ ತೆರೆದು ಇನ್ಸುಲಿನ್ ಹೊರಬೀಳುತ್ತದೆ. ಅಂದರೆ ಇಲ್ಲಿ ಸಕ್ಕರೆಯ ಅಳತೆ ನಡೆಯುವುದು ಮುಖ್ಯವಾಗಿ ರುಚಿಯಿಂದಲ್ಲ, ದಹನದಿಂದ.

ಈ ನಾಳದ ಮಹತ್ವವನ್ನು ನವಜಾತ ಶಿಶುಗಳ ಅಪರೂಪದ ಮಧುಮೇಹವೊಂದು ತೋರಿಸಿತು. ಪೊಟ್ಯಾಸಿಯಂ ನಾಳ ಮುಚ್ಚದಂತೆ ಮಾಡುವ ಅನುವಂಶಿಕ ದೋಷ ಅದರ ಕಾರಣವೆಂದು 2004ರಲ್ಲಿ ತಿಳಿಯಿತು. 2006ರ ಅಧ್ಯಯನವೊಂದರಲ್ಲಿ ಅಂತಹ 49 ರೋಗಿಗಳ ಪೈಕಿ 44 ಮಂದಿ ಇನ್ಸುಲಿನ್ ಚುಚ್ಚುಮದ್ದನ್ನು ಬಿಟ್ಟು, ಆ ನಾಳವನ್ನು ಮುಚ್ಚಿಸುವ ಸಲ್ಫೊನೈಲ್‌ಯೂರಿಯಾ ಮಾತ್ರೆಗೆ ಬದಲಾಗಲು ಸಾಧ್ಯವಾಯಿತು.

ಆದುದರಿಂದ ನಾಲಗೆಯ ಸಾಕ್ಷ್ಯ ಮೇದೋಜೀರಕಕ್ಕೆ ತಾನಾಗಿ ಅನ್ವಯಿಸದು. ರಕ್ತದ ಸಕ್ಕರೆಯ ಮೇಲೆ ಎಲೆಯ ಪರಿಣಾಮವನ್ನು ಪ್ರತ್ಯೇಕವಾಗಿಯೇ ಪರೀಕ್ಷಿಸಬೇಕು. ಪುಡಿಯನ್ನು ನಂಬಿ ಇನ್ಸುಲಿನ್ ಬಿಡುವುದು ಪ್ರಾಣಾಪಾಯಕರ. ವೈದ್ಯರಿಗೆ ತಿಳಿಸದೆ ಮಾತ್ರೆಯೊಡನೆ ಬೆರೆಸಿದರೆ ಸಕ್ಕರೆ ಮಿತಿಮೀರಿ ಇಳಿಯಬಹುದು. ಜನಪದರ ಅನುಭವವನ್ನು ಗೌರವಿಸುವುದೆಂದರೆ ಅದು ಎಲ್ಲಿಯವರೆಗೆ ನಿಜವೆಂಬುದನ್ನೂ ದಾಖಲಿಸುವುದಾಗಿದೆ.