ರಂಗದ ನಾಲ್ಕು ಮೂಲೆ

ಇವತ್ತು ಸಿನಿಮಾದಿಂದ ಹಿಡಿದು ಶಾಲಾ ವಾರ್ಷಿಕೋತ್ಸವದವರೆಗೆ ಕೊರಿಯೋಗ್ರಫರ್ ಇಲ್ಲದೆ ಕುಣಿತವೇ ಇಲ್ಲ. ಆದರೆ ನೃತ್ಯಸಂಯೋಜನೆಯನ್ನೊಂದು ವಿದ್ಯೆಯಾಗಿ, ಪಠ್ಯಕ್ರಮ ಹಾಕಿ, ತರಗತಿಯಲ್ಲಿ ಕಲಿಸಬಹುದು ಎಂದು ನಮಗೆ ತೋರಿಸಿಕೊಟ್ಟವರು ಬೆಂಗಳೂರಿನ ಮಲ್ಲೇಶ್ವರದಲ್ಲಿ ಹುಟ್ಟಿದ ಮಾಯಾ ರಾವ್ (1928–2014).

ಬೀಜ ಬಿದ್ದದ್ದು ಬೆಂಗಳೂರಿನ ಬಿ.ಆರ್.ವಿ. ಟಾಕೀಸಿನಲ್ಲಿ. ವಾಸ್ತುಶಿಲ್ಪಿಯಾಗಿದ್ದ ತಂದೆ ಮನೆಮಂದಿಯನ್ನೆಲ್ಲ ಉದಯಶಂಕರ್ ತಂಡದ ಬ್ಯಾಲೆಗೆ ಕರೆದೊಯ್ದರು. ನೋಡಿ ಬಂದವರೇ ಹೆಣ್ಣುಮಕ್ಕಳಿಗೆ ನೃತ್ಯ ಕಲಿಸಲೇಬೇಕೆಂದು ಹಟ ಹಿಡಿದರು. ಬೆನ್ಸನ್ ಟೌನಿನಲ್ಲಿ ಸೋಹನ್‌ಲಾಲರ ಬಳಿ ಕಥಕ್ ಶುರುವಾಯಿತು. ತಂದೆ ಬೇಗ ತೀರಿಕೊಂಡರು. ಹುಡುಗಿ ಹದಿಹರೆಯದಲ್ಲೇ ನೃತ್ಯಪಾಠ ಹೇಳಿ ಸಂಸಾರಕ್ಕೆ ಆಸರೆಯಾದಳು. ಮುಂದೆ ದೆಹಲಿಯ ಭಾರತೀಯ ಕಲಾ ಕೇಂದ್ರದಲ್ಲಿ ಶಂಭು ಮಹಾರಾಜರ ಶಿಷ್ಯೆ.

ಕಥಕ್ ಮೂಲತಃ ಒಬ್ಬರ ಕುಣಿತ. ರಂಗದ ನಡುವೆ ಒಬ್ಬರು, ಪಕ್ಕದಲ್ಲಿ ತಬಲಾ, ಕಣ್ಣೆಲ್ಲ ಆ ಪಾದಗಳ ಮೇಲೆ. ಹತ್ತು ಮಂದಿಯನ್ನು ರಂಗಕ್ಕೆ ಬಿಟ್ಟರೆ ಯಾರು ಎಲ್ಲಿ ನಿಲ್ಲಬೇಕು, ನೋಡುವವರ ಕಣ್ಣು ಯಾರಿಂದ ಯಾರಿಗೆ ಹರಿಯಬೇಕು? ಉದಯಶಂಕರ್, ಮೇಡಂ ಮೇನಕಾ ಅಂಥವರು ಮಾಡಿ ತೋರಿಸಿದ್ದರು, ನಿಜ. ಆದರೆ ಅದು ಅವರವರ ಪ್ರತಿಭೆಯ ಮಾತಾಗಿಯೇ ಉಳಿದಿತ್ತು.

1960ರಲ್ಲಿ ಸೋವಿಯತ್ ವಿದ್ಯಾರ್ಥಿವೇತನ ಸಿಕ್ಕಿತು. ಮಾಸ್ಕೋದ ‘ಗಿಟಿಸ್’ ರಂಗಸಂಸ್ಥೆಯಲ್ಲಿ ನೃತ್ಯಸಂಯೋಜಕರನ್ನು ತಯಾರು ಮಾಡಲೆಂದೇ 1946ರಿಂದ ಒಂದು ವಿಭಾಗವಿತ್ತು. ಮಾಯಾ ರಾವ್ ಕಂಡುಕೊಂಡದ್ದು ಇಲ್ಲೇ: ನೃತ್ಯ ಕಟ್ಟುವುದಕ್ಕೂ ವ್ಯಾಕರಣವಿದೆ, ಅದನ್ನು ಬ್ಯಾಲೆಯಿಂದ ಬಿಡಿಸಿ ನಮ್ಮ ತಾಳಕ್ಕೆ ಕೂರಿಸಬಹುದು.

ತಿಹಾಯಿಯನ್ನೇ ತೆಗೆದುಕೊಳ್ಳಿ. ಒಂದೇ ಬೋಲು, ಅಂದರೆ ಲಯದ ಅಕ್ಷರಗಳ ಗುಚ್ಛ, ಮೂರು ಸಲ ಬಂದು ಸಮಕ್ಕೆ, ಅಂದರೆ ತಾಳದ ಆವರ್ತದ ಮೊದಲ ಪೆಟ್ಟಿಗೆ, ಬೀಳುತ್ತದೆ. ಒಬ್ಬರೇ ಕುಣಿದರೆ ಅದು ಲಯದ ಚಮತ್ಕಾರ. ಮೊದಲ ಸುತ್ತನ್ನು ಹಿಂದಿನ ಎಡಮೂಲೆಯವಳಿಗೆ, ಎರಡನೆಯದನ್ನು ನಡುವಿನವಳಿಗೆ, ಮೂರನೆಯದನ್ನು ಮುಂದಿನ ಬಲಮೂಲೆಯವಳಿಗೆ ಹಂಚಿ, ಸಮಕ್ಕೆ ಮೂವರೂ ಒಟ್ಟಿಗೆ ನಿಂತುಬಿಡಲಿ. ಬೋಲು ಬದಲಾಗಿಲ್ಲ, ಆದರೆ ಕರ್ಣರೇಖೆಯಗುಂಟ ರಂಗವೇ ಮುಂದಕ್ಕೆ ಸರಿದು ಬಂದಂತೆ ಕಾಣುತ್ತದೆ. ಗೆಜ್ಜೆಯ ಲೆಕ್ಕದ ಜೊತೆಗೆ ಜಾಗದ ಲೆಕ್ಕವೂ ಸೇರಿದಾಗ ಆಗುವ ಬದಲಾವಣೆ ಇದು. ನನ್ನ ಮಟ್ಟಿಗೆ ಇದು ಹೊಸ ಹೆಜ್ಜೆಯೊಂದನ್ನು ಹುಟ್ಟಿಸುವುದಕ್ಕಿಂತ ದೊಡ್ಡ ಕೆಲಸ.

1964ರಲ್ಲಿ ಹಿಂದಿರುಗಿದವರು, ಕಮಲಾದೇವಿ ಚಟ್ಟೋಪಾಧ್ಯಾಯರ ಬೆಂಬಲದಿಂದ ದೆಹಲಿಯಲ್ಲಿ ನಾಟ್ಯ ಇನ್‌ಸ್ಟಿಟ್ಯೂಟ್ ತೆರೆದರು. 1987ರಲ್ಲಿ, ಆಗಿನ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರ ಆಹ್ವಾನದ ಮೇರೆಗೆ, ಅದು ಬೆಂಗಳೂರಿಗೆ ಬಂತು. ಭರತನಾಟ್ಯದ ಊರಲ್ಲಿ ಕಥಕ್ಕಿಗೆ ನೆಲೆ ಸಿಕ್ಕಿದ್ದು ಸಣ್ಣ ಮಾತಲ್ಲ.

ಮಗಳು ಮಧು ನಟರಾಜ್ ಕಥಕ್‌ನಲ್ಲೇ ಬೆಳೆದವರು. ನ್ಯೂಯಾರ್ಕಿನಲ್ಲಿ ಸಮಕಾಲೀನ ನೃತ್ಯ ಕಲಿತು ಬಂದು 1995ರಲ್ಲಿ ‘ಸ್ಟೆಮ್ ಡಾನ್ಸ್ ಕಂಪ್ನಿ’ ಕಟ್ಟಿದರು. ಸ್ಪೇಸ್, ಟೈಮ್, ಎನರ್ಜಿ, ಮೂವ್‌ಮೆಂಟ್ ಎಂಬ ನಾಲ್ಕರ ಮೊದಲಕ್ಷರಗಳು ಸೇರಿ ಆದ ಹೆಸರದು. ಅದರಲ್ಲಿ ಮೊದಲು ಬರುವುದು ಜಾಗವೇ.