ಏಕಚಕ್ರದ ಆಸನ, ಅದರ ಹಿಡಿ

ಬೆಂಗಳೂರಿನ ಪೂರ್ವದಂಚಿನಲ್ಲಿರುವ ದೊಡ್ಡನೆಕ್ಕುಂದಿಯು ಯಂತ್ರಗಳ ನಡುವೆ ಬೆಳೆದ ಊರು. ಅದರ ಒಂದು ದಿಕ್ಕಿಗೆ, 1940ರಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಎಂಬ ಹೆಸರಿನಿಂದ ಆರಂಭವಾದ ವಿಮಾನ ಕಾರ್ಖಾನೆಯ ವಿಸ್ತಾರವಾದ ನೆಲವಿದೆ. ಹೊರವರ್ತುಲ ರಸ್ತೆಯ ಮಗ್ಗುಲಲ್ಲಿ ಇಸ್ರೋದವರು ಉಪಗ್ರಹಗಳನ್ನು ಜೋಡಿಸಿ ಪರೀಕ್ಷಿಸುವ ಕೇಂದ್ರವಿದೆ. ಊರಿಗೆ ಹೊಂದಿಕೊಂಡ ಕೈಗಾರಿಕಾ ಪ್ರದೇಶದಲ್ಲಿ ಲೋಹವನ್ನು ಕೊರೆಯುವ, ಅರೆಯುವ, ಬೆಸೆಯುವ ಕಾರ್ಯಾಗಾರಗಳಿವೆ. ಬೋಲ್ಟೊಂದನ್ನು ಎಷ್ಟು ಬಿಗಿಯಬೇಕು, ಒಂದು ಕೊಳವೆಯು ಇನ್ನೊಂದರೊಳಗೆ ಅಲುಗಾಟವಿಲ್ಲದೆ ಕೂರಬೇಕಾದರೆ ಅವುಗಳ ಅಳತೆ ಹೇಗಿರಬೇಕು ಎಂಬ ಪ್ರಶ್ನೆಗಳು ಇಲ್ಲಿ ಅನೇಕರ ಅನ್ನದ ಪ್ರಶ್ನೆಗಳಾಗಿವೆ. ಇಲ್ಲಿನ ವಸತಿ ಸಮುಚ್ಚಯಗಳಲ್ಲಿ ಬೆಳೆಯುತ್ತಿರುವ ಮಕ್ಕಳಿಗೂ, ಗಾಜಿನ ಕಚೇರಿಗಳಲ್ಲಿ ದಿನವಿಡೀ ಕುಳಿತು ದುಡಿಯುವ ತರುಣ ತರುಣಿಯರಿಗೂ, ಇವೇ ಪ್ರಶ್ನೆಗಳನ್ನು ಅತ್ಯಂತ ಸರಳವಾದ ರೂಪದಲ್ಲಿ ಮುಂದಿಡಬಲ್ಲ ವಾಹನವೊಂದುಂಟು. ಅದು ಒಂಟಿ ಗಾಲಿಯ ಸೈಕಲ್ಲು.

ನಮ್ಮಲ್ಲಿ ಹೆಚ್ಚಿನವರು ಈ ವಾಹನವನ್ನು ಕಂಡಿರುವುದು ಸರ್ಕಸ್ಸಿನ ಡೇರೆಯೊಳಗೆ. 1880ರಲ್ಲಿ ವಿಷ್ಣುಪಂತ ಛತ್ರೆಯವರು ಮುಂಬಯಿಯಲ್ಲಿ ಗ್ರೇಟ್ ಇಂಡಿಯನ್ ಸರ್ಕಸ್ಸಿನ ಪ್ರದರ್ಶನವನ್ನು ಆರಂಭಿಸಿದರು. 1901ರಲ್ಲಿ ಕೀಲೇರಿ ಕುಂಞಿಕಣ್ಣನ್ ಅವರು ನಮ್ಮ ಕಾಸರಗೋಡಿಗೆ ದಕ್ಷಿಣದಲ್ಲಿರುವ ತಲಶ್ಶೇರಿಯ ಚಿರಕ್ಕರದಲ್ಲಿ ಸರ್ಕಸ್ ಶಾಲೆಯೊಂದನ್ನು ತೆರೆದರು. ಆ ಪರಂಪರೆಯಿಂದ ಹೊರಟ ಕಂಪನಿಗಳು ಕನ್ನಡ ನಾಡಿನ ಮೈದಾನಗಳಲ್ಲಿ ಡೇರೆ ಹಾಕಿದಾಗಲೆಲ್ಲ ಏಕಚಕ್ರದ ಸವಾರಿಯು ಪ್ರೇಕ್ಷಕರ ಉಸಿರನ್ನು ಬಿಗಿ ಹಿಡಿಸುತ್ತಿತ್ತು. ಆದರೆ ಜಗತ್ತಿನ ಇತರ ಭಾಗಗಳಲ್ಲಿ ಇದು ಡೇರೆಯಿಂದ ಹೊರಬಂದು ಬಹಳ ಕಾಲವಾಯಿತು. 1982ರಲ್ಲಿ ಅಂತಾರಾಷ್ಟ್ರೀಯ ಏಕಚಕ್ರ ಒಕ್ಕೂಟವು ಸ್ಥಾಪಿತವಾಗಿ, 1984ರಲ್ಲಿ ಅಮೆರಿಕದ ಸಿರಕ್ಯೂಸ್ ನಗರದಲ್ಲಿ ಮೊದಲ ವಿಶ್ವ ಸಮ್ಮೇಳನ ನಡೆಯಿತು. ಜಪಾನಿನಲ್ಲಿ ಇದು ಪ್ರಾಥಮಿಕ ಶಾಲೆಯ ಅಂಗಳದ ಸಾಮಾನ್ಯ ಆಟವಾಗಿದೆ. 2007ರಲ್ಲಿ ಸ್ಯಾಮ್ ವೇಕ್ಲಿಂಗ್ ಎಂಬ ಬ್ರಿಟಿಷ್ ಸವಾರನು ಒಂದೇ ಗಾಲಿಯ ಮೇಲೆ 24 ಗಂಟೆಗಳಲ್ಲಿ 453 ಕಿಲೋಮೀಟರಿಗೂ ಮಿಕ್ಕಿ ಸಾಗಿದನು. ಇಷ್ಟು ದೂರವನ್ನು ಕ್ರಮಿಸಿದ ದೇಹಕ್ಕೆ ಆಧಾರವಾಗಿ ನಿಂತದ್ದು ಒಂದು ಸೀಟು ಎಂಬುದನ್ನು ನೆನೆದರೆ, ಆ ಸೀಟನ್ನು ಕೂರಿಸುವ ಕೆಲಸ ಎಷ್ಟು ಗಂಭೀರವಾದುದೆಂಬುದು ತಾನಾಗಿಯೇ ತಿಳಿಯುತ್ತದೆ.

ಯಂತ್ರದ ರಚನೆಯನ್ನು ಮೊದಲು ನೋಡೋಣ. ಸಾಮಾನ್ಯ ಸೈಕಲ್ಲಿನಲ್ಲಿರುವ ಚೈನು, ಫ್ರೀವೀಲು, ಮುಂಗಾಲಿ ಇವಾವುವೂ ಇಲ್ಲಿಲ್ಲ. ಗಾಲಿಯ ಹಬ್ಬಿಗೇ ಎರಡು ಕ್ರ್ಯಾಂಕುಗಳು ನೇರವಾಗಿ ಸೇರಿರುತ್ತವೆ; ಪೆಡಲನ್ನು ಒಂದು ಸುತ್ತು ತುಳಿದರೆ ಗಾಲಿಯೂ ಒಂದೇ ಸುತ್ತು ತಿರುಗುತ್ತದೆ. ಕಲಿಯುವವರ 20 ಅಂಗುಲದ ಗಾಲಿಯು ಒಂದು ಸುತ್ತಿಗೆ ಸುಮಾರು 1.6 ಮೀಟರ್ ಮುಂದೆ ಹೋದರೆ, ದೂರ ಪ್ರಯಾಣದ 36 ಅಂಗುಲದ ಗಾಲಿಯು ಸುಮಾರು 2.9 ಮೀಟರ್ ಹೋಗುತ್ತದೆ. ಹಬ್ಬಿನಿಂದ ಮೇಲೆದ್ದ ಫೋರ್ಕಿನ ತಲೆಯಲ್ಲೊಂದು ಕೊಳವೆ, ಆ ಕೊಳವೆಯೊಳಗೆ ಇಳಿಯುವ ಸೀಟ್ ಪೋಸ್ಟು, ಅದನ್ನು ಸುತ್ತ ಬಿಗಿಹಿಡಿಯುವ ಕ್ಲ್ಯಾಂಪು, ಪೋಸ್ಟಿನ ನೆತ್ತಿಯ ಮೇಲೆ ಸೀಟು. ಇಷ್ಟರಲ್ಲಿ ಯಂತ್ರವು ಸಮಾಪ್ತವಾಯಿತು. ಭಾಗಗಳು ಇಷ್ಟು ಕಡಿಮೆಯಾದ್ದರಿಂದಲೇ ಒಂದೊಂದರ ಹೊಣೆಯೂ ಹೆಚ್ಚು. ದ್ವಿಚಕ್ರದ ಸವಾರನು ತನ್ನ ಭಾರವನ್ನು ಸೀಟು, ಪೆಡಲು, ಹ್ಯಾಂಡಲುಗಳಿಗೆ ಹಂಚಿಕೊಟ್ಟು ನಿರಾಳನಾಗಬಹುದು; ಏಕಚಕ್ರದವನ ದೇಹಭಾರದ ಬಹುಭಾಗವು ಸೀಟಿನ ಮೇಲೆಯೇ ಬೀಳತಕ್ಕದ್ದು.

ಆದುದರಿಂದ ಪ್ರಾರಂಭವಾಗಬೇಕಾದದ್ದು ಪೋಸ್ಟಿನಿಂದ. ಬಳಕೆಯಲ್ಲಿರುವ ಪೋಸ್ಟುಗಳ ವ್ಯಾಸವು ಸಾಮಾನ್ಯವಾಗಿ 22.2, 25.4 ಅಥವಾ 27.2 ಮಿಲಿಮೀಟರ್ ಇರುತ್ತದೆ. ಈ ಅಂಕಿಗಳ ನಡುವಣ ಅಂತರ ಬರಿಗಣ್ಣಿಗೆ ಅಲ್ಪವೆನಿಸಿದರೂ ಕೊಳವೆಗೆ ಅದು ಅಲ್ಪವಲ್ಲ. ತೆಳ್ಳನೆಯ ಪೋಸ್ಟನ್ನು ಅಗಲವಾದ ಕೊಳವೆಯಲ್ಲಿಟ್ಟು ಕ್ಲ್ಯಾಂಪಿನ ಬಲದಿಂದಲೇ ಹಿಡಿದು ನಿಲ್ಲಿಸಲು ಹೊರಟರೆ, ಸವಾರನು ಸೊಂಟವನ್ನು ತಿರುಗಿಸಿದ ಕೂಡಲೆ ಸೀಟು ತಾನೂ ತಿರುಗಿ ಅವನನ್ನು ನೆಲಕ್ಕೆ ಕೆಡಹುತ್ತದೆ. ಪೋಸ್ಟಿನ ಮೇಲೆ ಕೆತ್ತಿರುವ ಕನಿಷ್ಠ ಆಳದ ಗೆರೆಯು ಎಂದಿಗೂ ಕೊಳವೆಯ ಹೊರಗೆ ಕಾಣಿಸಿಕೊಳ್ಳಬಾರದು. ಇದಕ್ಕೆ ಪ್ರತಿಯಾಗಿ, ಸಣ್ಣ ಮಕ್ಕಳಿಗಾಗಿ ಪೋಸ್ಟನ್ನು ಬಹಳ ಕೆಳಕ್ಕೆ ಇಳಿಸಿದಾಗ ಅದರ ತುದಿಯು ಟೈರಿಗೆ ತಾಗುವ ಸಂಭವವುಂಟು. ಆಗ ಹ್ಯಾಕ್ಸಾ ಬ್ಲೇಡಿನಿಂದ ಅದನ್ನು ಬೇಕಾದಷ್ಟು ಕತ್ತರಿಸಿ, ಅಂಚಿನ ಮುಳ್ಳುಗಳನ್ನು ಅರದಿಂದ ಉಜ್ಜಿ ನಯಗೊಳಿಸಬೇಕಾಗುತ್ತದೆ. ಅಭ್ಯಾಸವಿಲ್ಲದವರು ಕೈಗಾರಿಕಾ ಪ್ರದೇಶದ ಯಾವುದಾದರೂ ಲೇತು ಅಂಗಡಿಗೆ ಒಯ್ದರೆ, ಇಂಥ ಕೆಲಸವನ್ನು ನಿತ್ಯ ಮಾಡುವ ಕೈಗಳು ಅದನ್ನು ಕ್ಷಣಮಾತ್ರದಲ್ಲಿ ಮಾಡಿಕೊಡುತ್ತವೆ. ಉಕ್ಕಿನ ಅಥವಾ ಅಲ್ಯುಮಿನಿಯಮ್ಮಿನ ಪೋಸ್ಟಿಗೆ ತೆಳುವಾಗಿ ಗ್ರೀಸು ಹಚ್ಚಿ ಇಳಿಸುವುದು ಒಳ್ಳೆಯದು. ಮಳೆಗಾಲದ ತೇವದಲ್ಲಿ ತುಕ್ಕು ಹಿಡಿದು ಎರಡು ಲೋಹಗಳು ಒಂದಾಗಿ ಬಿಡಿಸಲಾರದಂತಾಗುವ ಪಾಡು ತಪ್ಪುತ್ತದೆ.

ಹೊಸಬರು ಗಮನಿಸದೆ ಬಿಡುವ ಸಂಗತಿಯೊಂದಿದೆ. ಒಂಟಿ ಗಾಲಿಗೆ ಮುಂದು ಹಿಂದೆಂಬುದು ಇಲ್ಲವೆಂದು ತೋರಿದರೂ ನಿಜವಾಗಿ ಅದು ಇದೆ. ಎಡಗಡೆಯ ಪೆಡಲಿನ ಥ್ರೆಡ್ಡು ಎಡಮುರಿಯಾಗಿರುತ್ತದೆ, ಬಲಗಡೆಯದು ಬಲಮುರಿ. ಹೀಗಿರುವುದರಿಂದಲೇ ಮುಂದಕ್ಕೆ ತುಳಿಯುವಾಗ ಪೆಡಲುಗಳು ಸಡಿಲಗೊಳ್ಳದೆ ನಿಲ್ಲುತ್ತವೆ. ಸೀಟನ್ನು ಹಿಂದುಮುಂದಾಗಿ ಕೂರಿಸಿದರೆ ಎಡವು ಬಲವಾಗಿ, ಬಲವು ಎಡವಾಗಿ, ಪ್ರತಿ ಸುತ್ತಿನಲ್ಲಿಯೂ ಪೆಡಲು ಒಂದಿಷ್ಟು ಬಿಚ್ಚಿಕೊಳ್ಳುತ್ತ, ಕಡೆಗೆ ಕ್ರ್ಯಾಂಕಿನ ಥ್ರೆಡ್ಡನ್ನೇ ಕೊಚ್ಚಿಹಾಕಿ ಕಳಚಿಕೊಳ್ಳುತ್ತದೆ. ಕ್ರ್ಯಾಂಕಿನ ಮೇಲಿರುವ ಎಡ, ಬಲಗಳ ಗುರುತನ್ನು ನೋಡಿಕೊಂಡು, ಸೀಟಿನ ಮುಂಭಾಗವನ್ನು ಅದಕ್ಕೆ ಸರಿಯಾದ ದಿಕ್ಕಿಗೆ ನಿಲ್ಲಿಸಿ, ಮೇಲಿನಿಂದ ಇಣುಕಿ ಸೀಟಿನ ನಡುಗೆರೆಯೂ ಟೈರಿನ ನಡುಗೆರೆಯೂ ಒಂದೇ ರೇಖೆಯಲ್ಲಿವೆಯೆಂದು ಖಚಿತಪಡಿಸಿಕೊಂಡ ಅನಂತರವೇ ಕ್ಲ್ಯಾಂಪನ್ನು ಬಿಗಿಯಬೇಕು.

ಈಗ ಎತ್ತರ. ಗೋಡೆಗೆ ಕೈಯೂರಿ ಸೀಟಿನ ಮೇಲೆ ಕುಳಿತು, ಒಂದು ಪೆಡಲನ್ನು ಅತ್ಯಂತ ಕೆಳಗಿನ ಸ್ಥಾನಕ್ಕೆ ತಂದು, ಅದರ ಮೇಲೆ ಹಿಮ್ಮಡಿಯನ್ನಿಟ್ಟರೆ ಕಾಲು ಹೆಚ್ಚುಕಡಿಮೆ ನೇರವಾಗಬೇಕು. ಅನಂತರ ಪಾದದ ಮುಂಭಾಗವನ್ನು ಪೆಡಲಿನ ಮೇಲೆ ತಂದಾಗ ಮೊಣಕಾಲಿನಲ್ಲಿ ಅಲ್ಪವಾದ ಬಾಗು ಉಳಿಯುತ್ತದೆ. ಆ ಬಾಗೇ ಸವಾರಿಯ ಸೌಖ್ಯಕ್ಕೆ ಮೂಲ. ಬಿದ್ದರೆ ಬೇಗ ನೆಲ ಸಿಗಲೆಂಬ ಅಕ್ಕರೆಯಿಂದ ತಂದೆತಾಯಿಗಳು ಮಕ್ಕಳ ಸೀಟನ್ನು ತೀರ ಕೆಳಗಿಡುವುದುಂಟು. ಅದರ ಫಲವು ವಿಪರೀತವಾದುದು: ಮಡಿಸಿದ ಮೊಣಕಾಲಿನಿಂದ ತುಳಿಯಬೇಕಾಗಿ ಬಂದ ಮಗುವಿನ ತೊಡೆಗಳು ಬೇಗ ಸೋಲುತ್ತವೆ, ಸೋತ ತೊಡೆಯು ಸೀಟನ್ನು ಬಿಟ್ಟು ಪೆಡಲಿನ ಮೇಲೆಯೇ ಭಾರ ಹಾಕುತ್ತದೆ, ಆ ಭಾರವು ಪೆಡಲನ್ನು ಕೆಳತುದಿಯಲ್ಲಿ ಹಿಡಿದು ನಿಲ್ಲಿಸಿದಾಗ ಗಾಲಿಯು ನಿಂತು ಮಗು ಉರುಳುತ್ತದೆ. ಸೀಟು ಅತಿಯಾಗಿ ಎತ್ತರವಾದರೂ ಕಷ್ಟ. ಪ್ರತಿ ತುಳಿತಕ್ಕೂ ಸೊಂಟವು ಆ ಕಡೆ ಈ ಕಡೆ ಓಲಾಡಿ, ಪಾದವು ಪೆಡಲನ್ನು ಅರಸುವಂತಾಗುತ್ತದೆ. ಕಲಿಕೆಯ ಮೊದಲ ದಿನಗಳಲ್ಲಿ ಈ ಮಧ್ಯಮ ಸ್ಥಾನಕ್ಕಿಂತ ಒಂದೆರಡು ಬೆರಳಿನಷ್ಟು ಕೆಳಗಿರಿಸುವುದು ಕ್ಷಮ್ಯ. ಮಕ್ಕಳು ಬೆಳೆಯುತ್ತಿರುವುದರಿಂದ ಈ ಅಳತೆಯನ್ನು ಆಗಾಗ ಹೊಸದಾಗಿ ನೋಡುತ್ತಿರಬೇಕೆಂಬುದನ್ನೂ ಮರೆಯಲಾಗದು.

ಎತ್ತರಕ್ಕೆ ಮುಂದಿನದು ಸೀಟಿನ ಓರೆ. ಏಕಚಕ್ರದ ಸೀಟು ಮುಂದೂ ಹಿಂದೂ ಮೇಲಕ್ಕೆ ಬಾಗಿ, ನಡುವೆ ತಗ್ಗಾಗಿರುತ್ತದೆ. ಕೆಲವು ಸೀಟುಗಳು ನಾಲ್ಕು ಬೋಲ್ಟುಗಳಿಂದ ಪೋಸ್ಟಿನ ತಟ್ಟೆಗೆ ನೇರವಾಗಿ ಸೇರುತ್ತವೆ; ಇವುಗಳ ಓರೆಯನ್ನು ಬದಲಿಸಲು ಅವಕಾಶ ಕಡಿಮೆ. ಸರಳಿನ ಮೇಲೆ ಕೂರುವ ಸೀಟುಗಳಲ್ಲಿ ಮೂತಿಯನ್ನು ಮೇಲಕ್ಕೂ ಕೆಳಕ್ಕೂ, ಇಡಿಯ ಸೀಟನ್ನು ಮುಂದಕ್ಕೂ ಹಿಂದಕ್ಕೂ ಸರಿಸಬಹುದು. ಮನುಷ್ಯನ ದೇಹಭಾರವನ್ನು ಹೊರಲು ಪ್ರಕೃತಿಯು ನಿಯಮಿಸಿರುವುದು ಪೃಷ್ಠದ ಎರಡು ಎಲುಬುಗಳನ್ನು. ಅವುಗಳ ನಡುವಣ ಮೃದುಭಾಗವನ್ನಲ್ಲ. ಸೀಟಿನ ಮೂತಿ ಅತಿಯಾಗಿ ಮೇಲೆದ್ದರೆ ಒತ್ತಡವು ಈ ಮೃದುಭಾಗಕ್ಕೆ ಬಿದ್ದು, ನರ ರಕ್ತನಾಳಗಳು ಅದುಮಲ್ಪಟ್ಟು ಜೋಮು ಹಿಡಿಯುತ್ತದೆ. ಕೆಳಗಿಳಿದರೆ ಸವಾರನು ಮುಂದಕ್ಕೆ ಜಾರುತ್ತ ತನ್ನನ್ನು ತಡೆಹಿಡಿಯಲು ತೊಡೆಗಳನ್ನು ವ್ಯರ್ಥವಾಗಿ ಬಿಗಿಯುತ್ತಾನೆ. ಮೊದಲು ಸಮತಟ್ಟಾಗಿಟ್ಟು, ದೇಹವು ಕೇಳಿದಂತೆ ಸ್ವಲ್ಪಸ್ವಲ್ಪವೇ ಬದಲಿಸುತ್ತ ಹೋಗುವುದು ಉಚಿತವಾದ ಮಾರ್ಗ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಎತ್ತರವನ್ನೂ ಓರೆಯನ್ನೂ ಒಟ್ಟಿಗೆ ತಿರುಚಿದರೆ ಯಾವುದರಿಂದ ಯಾವುದು ಸುಧಾರಿಸಿತೆಂಬುದು ತಿಳಿಯುವುದಿಲ್ಲ.

ಇಷ್ಟಾದ ಮೇಲೆ ಹ್ಯಾಂಡಲಿನ ವಿಚಾರ. ಏಕಚಕ್ರಕ್ಕೆ ಹ್ಯಾಂಡಲು ಏತಕ್ಕೆಂದು ಕೇಳುವುದು ಸಹಜವೇ ಸರಿ. ಏಕೆಂದರೆ ಅದು ಗಾಲಿಯನ್ನು ತಿರುಗಿಸುವ ಸಾಧನವಲ್ಲ. ಈ ವಾಹನದ ದಿಕ್ಕು ಬದಲಾಗುವುದು ಸವಾರನ ಸೊಂಟ ಭುಜಗಳ ತಿರುವಿನಿಂದ. ಹ್ಯಾಂಡಲಿನ ಧರ್ಮ ಎರಡು ಬಗೆಯದು. ಏರುದಾರಿಯಲ್ಲಿ ಅದನ್ನು ಹಿಡಿದು ಮೇಲಕ್ಕೆ ಸೆಳೆದಾಗ, ಆ ಸೆಳೆತದ ಪ್ರತಿಕ್ರಿಯೆಯು ದೇಹದ ಮೂಲಕ ಹರಿದು ಕಾಲಿಗೆ ತಲುಪಿ, ಕೇವಲ ಮೈಭಾರದಿಂದ ಒದಗಲಾರದಷ್ಟು ಬಲವನ್ನು ಪೆಡಲಿಗೆ ಕೊಡುತ್ತದೆ. ಸಮತಲದ ದೀರ್ಘ ಪ್ರಯಾಣದಲ್ಲಿಯಾದರೋ ಸವಾರನು ತುಸು ಮುಂದೆ ಬಾಗಿ ಅಂಗೈಗಳನ್ನು ಅದರ ಮೇಲೆ ಊರುತ್ತಾನೆ. ಸೀಟೊಂದೇ ಹೊರುತ್ತಿದ್ದ ಭಾರದಲ್ಲಿ ಒಂದು ಪಾಲನ್ನು ತೋಳುಗಳು ಹೊರುತ್ತವೆ. ಹೊಸದಾಗಿ ಕಲಿಯುವವರಿಗೆ ಸೀಟಿನ ಮೂತಿಗೇ ಸೇರಿರುವ ಗಿಡ್ಡ ಹಿಡಿ ಸಾಕು. ಉದ್ದನೆಯ ಹ್ಯಾಂಡಲು ಅಗತ್ಯವಾಗುವುದು ದೊಡ್ಡ ಗಾಲಿಯ ಮೇಲೆ ದೂರ ಹೋಗತೊಡಗಿದಾಗ.

ಇದನ್ನು ಕೂರಿಸುವ ಕ್ರಮ ಹೀಗೆ. ಸೀಟಿನ ತಳದ ಮುಂದಿನ ಬೋಲ್ಟುಗಳಿಗೆ, ಇಲ್ಲವೆ ಪೋಸ್ಟಿನ ತಲೆಗೆ, ಹ್ಯಾಂಡಲಿನ ಬುಡವು ಸೇರುತ್ತದೆ; ಅಲ್ಲಿಂದ ಕೊಳವೆಯೊಂದು ಮುಂದಕ್ಕೆ ಚಾಚಿ, ತುದಿಯಲ್ಲಿ ಅಡ್ಡಹಿಡಿಯೊಂದಿಗೆ ಮುಗಿಯುತ್ತದೆ. ಚಾಚಿದಷ್ಟೂ ಬಾಗುವ ಭಂಗಿ ಸುಲಭವಾಗುತ್ತದೆ ಎಂಬುದು ನಿಜ. ಆದರೆ ಸನ್ನೆಕೋಲು ಉದ್ದವಾದಂತೆ ಅದರ ಬುಡದ ಮೇಲಣ ಒತ್ತಡ ಹೆಚ್ಚುವ ನಿಯಮವು ಇಲ್ಲಿಯೂ ಸಲ್ಲುವುದರಿಂದ, ಸೀಟಿನ ತಳ, ಪೋಸ್ಟು, ಕ್ಲ್ಯಾಂಪು ಮೂರೂ ಆ ತಿರುಚುವಿಕೆಯನ್ನು ತಾಳುವಂಥವಾಗಿರಬೇಕು. ಕೈಯಿಂದ ಮಡಚಿ ಬಿಗಿಯುವ ಹಗುರವಾದ ಕ್ಲ್ಯಾಂಪಿನ ಬದಲು ಎರಡು ಬೋಲ್ಟುಗಳ ಕ್ಲ್ಯಾಂಪನ್ನು ಹಾಕುವುದು ಇಂಥಲ್ಲಿ ಯುಕ್ತ. ಮೊದಲಿಗೆ ಹ್ಯಾಂಡಲನ್ನು ಗಿಡ್ಡವಾಗಿಟ್ಟು, ಸೀಟಿನ ಮಟ್ಟಕ್ಕೆ ಅಥವಾ ಅದಕ್ಕಿಂತ ತುಸು ಮೇಲಿರಿಸಿ, ಮೈ ಒಗ್ಗಿದಂತೆ ಮುಂದಕ್ಕೆ ಚಾಚುತ್ತ ಹೋಗಬೇಕು. ಪೆಡಲನ್ನು ನಿಧಾನವಾಗಿ ಒಂದು ಪೂರ್ಣ ಸುತ್ತು ತಿರುಗಿಸಿ, ಮೊಣಕಾಲಾಗಲಿ ತೊಡೆಯಾಗಲಿ ಕೊಳವೆಗೆ ತಾಗದೆಂಬುದನ್ನು ನೋಡಬೇಕು. ಬ್ರೇಕಿದ್ದಲ್ಲಿ ಅದರ ಲಿವರು ಬೆರಳಿಗೆ ಎಟಕುವಂತಿರಬೇಕು, ಸೀಟನ್ನು ಎತ್ತರಿಸಿದ ಮೇಲೂ ಅದರ ಕೇಬಲ್ಲು ಎಳೆದಂತಾಗಬಾರದು. ಕೊಳವೆಯ ತೆರೆದ ಬಾಯಿಗಳನ್ನು ಬಿರಡೆಯಿಂದ ಮುಚ್ಚುವುದು ಚಿಕ್ಕ ಕೆಲಸವೆಂದು ಬಿಡತಕ್ಕದ್ದಲ್ಲ. ಬಿದ್ದಾಗ ಮುಚ್ಚದ ಕೊಳವೆಯ ಅಂಚು ಮೈಯನ್ನು ಕೊಯ್ಯಬಲ್ಲುದು.

ಬಿಗಿಯುವುದೂ ಒಂದು ವಿದ್ಯೆ. ಒಂದು ಬೋಲ್ಟನ್ನು ಪೂರ್ತಿ ಬಿಗಿದು ಮತ್ತೊಂದಕ್ಕೆ ಹೋಗದೆ, ನಾಲ್ಕನ್ನೂ ಬೆರಳಿನಿಂದ ತಿರುಗಿಸಿ ಕೂರಿಸಿ, ಅನಂತರ ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಅಲೆನ್ ಕೀಯಿಂದ ಬಿಗಿಯುತ್ತ ಬರಬೇಕು. ಆಗ ಭಾರವು ಎಲ್ಲಕ್ಕೂ ಸಮನಾಗಿ ಹಂಚಿಕೆಯಾಗುತ್ತದೆ. ಅನೇಕ ಭಾಗಗಳ ಮೇಲೆ ಬಿಗಿತದ ಮಿತಿಯನ್ನು ನ್ಯೂಟನ್ ಮೀಟರುಗಳಲ್ಲಿ ಕೆತ್ತಿರುತ್ತಾರೆ, ಅದನ್ನು ತೋರಿಸುವ ಟಾರ್ಕ್ ಸ್ಪ್ಯಾನರುಗಳೂ ದೊರೆಯುತ್ತವೆ. ಸಡಿಲವಾದ ಬೋಲ್ಟು ಜಾರಿದರೆ, ಮಿತಿಮೀರಿ ಬಿಗಿದದ್ದು ಒಳಗೊಳಗೇ ಬಿರಿದು, ಒಂದು ದಿನ ಸೂಚನೆಯಿಲ್ಲದೆ ಮುರಿಯುತ್ತದೆ. ಎಲ್ಲವೂ ಮುಗಿದ ಮೇಲೆ ಗಾಲಿಯನ್ನು ಮೊಣಕಾಲುಗಳ ನಡುವೆ ಹಿಡಿದು, ಸೀಟನ್ನೂ ಹ್ಯಾಂಡಲನ್ನೂ ಎರಡೂ ಕಡೆಗೆ ಬಲವಾಗಿ ತಿರುಚಿ ನೋಡಬೇಕು. ಮೊದಲ ಸವಾರಿಯ ನಂತರ ಮತ್ತೊಮ್ಮೆ ಸ್ಪ್ಯಾನರು ಹಿಡಿಯಬೇಕು. ಹೊಸ ಭಾಗಗಳು ಭಾರಕ್ಕೆ ಒಗ್ಗುವಾಗ ತುಸು ಸಡಿಲಗೊಳ್ಳುವುದು ಅವುಗಳ ಸ್ವಭಾವ.

ಕಲಿಯುವ ಸ್ಥಳದ ಆಯ್ಕೆಗೂ ಇಷ್ಟೇ ವಿವೇಕ ಬೇಕು. ವಸತಿ ಸಮುಚ್ಚಯದ ಬ್ಯಾಸ್ಕೆಟ್‌ಬಾಲ್ ಅಂಗಣದಂಥ ಗಟ್ಟಿಯಾದ ಸಮನೆಲ, ಪಕ್ಕದಲ್ಲೊಂದು ಕೈಯೂರುವ ಗೋಡೆ ಅಥವಾ ಕಂಬಿ, ತಲೆಗೆ ಹೆಲ್ಮೆಟ್ಟು, ಕಾಲಿಗೆ ಗಟ್ಟಿ ಅಟ್ಟೆಯ ಬೂಟು ಇದ್ದರೆ ಆರಂಭಕ್ಕೆ ಸಾಕು. ರಸ್ತೆಯು ಕಲಿಯುವವರ ಜಾಗವಲ್ಲ. 2020ರಲ್ಲಿ ನಗರ ಭೂಸಾರಿಗೆ ನಿರ್ದೇಶನಾಲಯವು ಸಿಲ್ಕ್ ಬೋರ್ಡಿನಿಂದ ಲೌರಿ ಜಂಕ್ಷನ್ನಿನವರೆಗೆ, ಈ ಊರಿನ ಮುಂದಿನಿಂದಲೇ ಹಾದುಹೋಗುವಂತೆ, ಸೈಕಲ್ಲುಗಳಿಗೆಂದು ಪ್ರತ್ಯೇಕ ಪಥವೊಂದನ್ನು ಗುರುತಿಸಿತ್ತು. ತರುವಾಯ ಮೆಟ್ರೋ ಕಾಮಗಾರಿಯ ನಡುವೆ ಅದು ಉಳಿಯಲಿಲ್ಲ. ಕಾಲಬಲದಿಂದ ಚಲಿಸುವ ವಾಹನಗಳಿಗೆ ರಸ್ತೆಯಲ್ಲಿ ಶಾಶ್ವತವಾದ ಸ್ಥಾನ ದೊರೆಯಬೇಕೆಂಬ ಬೇಡಿಕೆಯು ನ್ಯಾಯವಾದುದು. ಅದು ದೊರೆಯುವವರೆಗೆ ಆವರಣದೊಳಗಿನ ನೆಲವೇ ನಮಗೆ ಪಾಠಶಾಲೆ.

ಯಂತ್ರವೊಂದು ಒಗ್ಗದಿದ್ದಾಗ ನಾವು ಮೊದಲು ಶಂಕಿಸುವುದು ಮನುಷ್ಯನನ್ನು. ಇವನಿಗೆ ಧೈರ್ಯವಿಲ್ಲ, ಇವಳಿಗೆ ಸಮತೋಲನವಿಲ್ಲ ಎಂದು ಮಕ್ಕಳ ಎದುರಿನಲ್ಲೇ ಹೇಳಿಬಿಡುತ್ತೇವೆ. ಹಾಗೆ ಹೇಳುವ ಮುನ್ನ ಸೀಟಿನ ಎತ್ತರವನ್ನು ಅಳೆಯುವ ಸೌಜನ್ಯ ನಮ್ಮಲ್ಲಿರಬೇಕು. ಎಷ್ಟೋ ಸಲ ದೋಷವಿರುವುದು ಮಗುವಿನಲ್ಲಲ್ಲ, ಒಂದಂಗುಲ ಕೆಳಗಿರುವ ಪೋಸ್ಟಿನಲ್ಲಿ. ದೊಡ್ಡನೆಕ್ಕುಂದಿಯ ವಸತಿ ಸಂಘಗಳು ತಮ್ಮ ಆಟದ ಕೊಠಡಿಯಲ್ಲಿ ಚೆಂಡು ಬ್ಯಾಟುಗಳ ಜೊತೆಗೆ ಎರಡು ಒಂಟಿ ಗಾಲಿಯ ಸೈಕಲ್ಲುಗಳನ್ನೂ, ಬೇರೆಬೇರೆ ಉದ್ದದ ಕೆಲವು ಪೋಸ್ಟುಗಳನ್ನೂ, ಒಂದು ಕಟ್ಟು ಅಲೆನ್ ಕೀಗಳನ್ನೂ ಇಟ್ಟುಕೊಳ್ಳುವುದು ಅಸಾಧ್ಯವೇನಲ್ಲ. ಉಪಗ್ರಹಗಳಿಗೂ ವಿಮಾನಗಳಿಗೂ ಬೋಲ್ಟು ಬಿಗಿದು ನಿವೃತ್ತರಾದ ಹಿರಿಯರು ಈ ಸುತ್ತಿನ ಬಡಾವಣೆಗಳಲ್ಲಿಯೇ ಇದ್ದಾರೆ. ಅವರಲ್ಲೊಬ್ಬರು ವಾರಕ್ಕೊಂದು ಸಂಜೆ ಬಂದು ಮಕ್ಕಳ ಕೈಯಿಂದಲೇ ಸೀಟನ್ನು ಬಿಚ್ಚಿಸಿ, ಅಳೆಯಿಸಿ, ಮತ್ತೆ ಕೂರಿಸಿದರೆ, ಆ ಮಕ್ಕಳು ಸವಾರಿಯ ಜೊತೆಗೆ ಯಂತ್ರವನ್ನು ಮನುಷ್ಯನಿಗೆ ಹೊಂದಿಸುವ ವಿದ್ಯೆಯನ್ನೂ ಕಲಿತಾರು.