ತೊಳೆದ ಬಕೆಟ್‌ಗೆ ಮತ್ತೆ ನೊರೆನೀರೇಕೆ?

ಪ್ರಶ್ನೆ: ಅಮೆರಿಕದಲ್ಲಿರುವ ಮಗ ಮನೆಯಲ್ಲೇ ಬಿಯರ್ ತಯಾರಿಸುತ್ತಾನೆ. ಸೋಪಿನಿಂದ ತೊಳೆದ ಬಕೆಟ್‌ಗೆ ಇನ್ನೇನೋ ನೊರೆನೀರು ಹಾಕಿ ಚೆಲ್ಲುತ್ತಾನೆ, ಆಮೇಲೆ ತೊಳೆಯುವುದೇ ಇಲ್ಲ. ಇದು ಸರಿಯೇ?

ಉತ್ತರ: ಸರಿಯೇ. ಕೊಳೆ ತೆಗೆಯುವುದು ಒಂದು ಕೆಲಸ, ಸೂಕ್ಷ್ಮಾಣುಗಳನ್ನು ಕೊಲ್ಲುವುದು ಇನ್ನೊಂದು. ಕೊಳೆ ಉಳಿದಿದ್ದರೆ ಅದರಡಿಯ ಬ್ಯಾಕ್ಟೀರಿಯಾಕ್ಕೆ ಅವನ್ನು ಕೊಲ್ಲುವ ನೊರೆನೀರು ತಾಗದು. ಹಾಗಾಗಿ ಸೋಪು ಮೊದಲು.

ಕುದಿಸಿದ ಮಾಲ್ಟ್ ರಸವನ್ನು ಸುಮಾರು 20 ಡಿಗ್ರಿ ಸೆಲ್ಸಿಯಸ್‌ಗೆ ತಣಿಸಿ ಯೀಸ್ಟ್ ಬೆರೆಸುತ್ತಾರೆ. ಯೀಸ್ಟ್ ಬೆಳೆದು ಹಿಡಿತ ಸಾಧಿಸುವ ಮೊದಲೇ ಲ್ಯಾಕ್ಟೋಬ್ಯಾಸಿಲಸ್‌ನಂಥ ಬ್ಯಾಕ್ಟೀರಿಯಾ ಹೊಕ್ಕರೆ ಬಿಯರ್ ಹುಳಿಯಾಗುತ್ತದೆ.

ಆ ನೊರೆನೀರು ಬಹುಶಃ ಫಾಸ್ಫಾರಿಕ್ ಆಮ್ಲವಿರುವ ಸ್ಯಾನಿಟೈಜರ್ ದ್ರಾವಣ. ಸಾಮಾನ್ಯವಾಗಿ 19 ಲೀಟರ್ ನೀರಿಗೆ ಆ ಸ್ಯಾನಿಟೈಜರಿನ ಸಾಂದ್ರ ದ್ರವ 30 ಮಿಲಿಲೀಟರ್ ಬೆರೆಸಿ, ಒಳಮೈಯನ್ನು ಒಂದೆರಡು ನಿಮಿಷ ಒದ್ದೆಯಾಗಿಟ್ಟರೆ ಸಾಕು. ಪ್ರಮಾಣ ಸರಿಯಿದ್ದರೆ ಉಳಿದ ನೊರೆಯಿಂದ ತೊಂದರೆಯಿಲ್ಲ. ಮತ್ತೆ ನಲ್ಲಿನೀರು ಹಾಕಿದರೆ ಹೊಸ ಸೂಕ್ಷ್ಮಾಣು ಸೇರಬಹುದು. ಬ್ಲೀಚ್ ಬಳಸಿದರೆ ಮಾತ್ರ ಚೆನ್ನಾಗಿ ತೊಳೆಯಲೇಬೇಕು, ಇಲ್ಲವಾದರೆ ಬಿಯರಿಗೆ ಔಷಧಿಯ ವಾಸನೆ ಹತ್ತುತ್ತದೆ. ಬ್ಲೀಚನ್ನು ಆಮ್ಲದೊಂದಿಗೆ ಎಂದಿಗೂ ಬೆರೆಸಬಾರದು: ವಿಷಕಾರಿ ಕ್ಲೋರಿನ್ ಅನಿಲ ಹೊಮ್ಮುತ್ತದೆ.

ಪ್ಲಾಸ್ಟಿಕ್ ಬಕೆಟ್ಟಾದರೆ ಒಳಮೈ ಮೇಲೆ ಬೆರಳಾಡಿಸಿ ನೋಡಲು ಮಗನಿಗೆ ಹೇಳಿ. ಉಗುರಿಗೆ ಸಿಗುವಷ್ಟು ಗೀರು ಬಿದ್ದಿದ್ದರೆ ಅದರೊಳಗೆ ಬ್ಯಾಕ್ಟೀರಿಯಾ ಅಡಗಿ ಉಳಿಯಬಲ್ಲದು. ಅಂಥ ಬಕೆಟ್ ಬದಲಿಸುವುದೇ ಒಳ್ಳೆಯದು. ಉಜ್ಜಲು ಮೆತ್ತನೆಯ ಬಟ್ಟೆಯನ್ನೇ ಬಳಸಲಿ.